ಯುಂಗ್‌ಫ್ರೌ: ಹೇಳುವುದು ಹೇಗೆ, ಬರೆಯುವುದು ಹೇಗೆ, ಬಳಸುವುದು ಎಲ್ಲಿ

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆಯ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಶ್ರದ್ಧಾಂಜಲಿಯ ಫ್ಲೆಕ್ಸ್, ಇವೇ ನನ್ನ ಅನ್ನ. ಒಂದೇ ಕಾಗದದ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ಮಲಯಾಳ. ಈ ಕಡೆ ಕುಂಬಳೆ ಎಂದು ಹಾಕಿದರೆ ಆ ಕಡೆ ಕುಂಬಳ, ಈ ಕಡೆ ಮಂಜೇಶ್ವರ, ಆ ಕಡೆ ಮಂಜೇಶ್ವರಂ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವಳಿಗೆ ಊರಿನ ಹೆಸರೆಂದರೆ ಅಂಜಿಕೆ ಇರಬಾರದು. ಆದರೂ ಕಳೆದ ದೀಪಾವಳಿಯ ಹೊತ್ತಿಗೆ ಸ್ವಿಜರ್ಲೆಂಡಿನ ಒಂದು ಬೆಟ್ಟದ ಹೆಸರು, ಯುಂಗ್‌ಫ್ರೌ, ನನ್ನನ್ನು ಸರಿಯಾಗಿ ಬೀಳಿಸಿತು.

ನಮ್ಮೂರಿನ ನಿವೃತ್ತ ಮಾಷ್ಟ್ರು ಮತ್ತು ಅವರ ಹೆಂಡತಿ, ನಾವೆಲ್ಲ ಟೀಚರಕ್ಕ ಎಂದು ಕರೆಯುವವರು, ಸ್ವಿಜರ್ಲೆಂಡಿನ ಬೆರ್ನ್ ನಗರದಲ್ಲಿರುವ ಮಗಳ ಮನೆಗೆ ಹೋಗಿ ಮೂರು ತಿಂಗಳು ಇದ್ದು ಬಂದಿದ್ದರು. ನಲವತ್ತು ಫೋಟೋಗಳ ಒಂದು ಪುಸ್ತಿಕೆ ಮಾಡಿಸಿ ನೆಂಟರಿಗೆ ಹಂಚಬೇಕು, ಮೂವತ್ತು ಪ್ರತಿ ಸಾಕು ಎಂದರು. ಫೋಟೋಗಳ ಕೆಳಗಿನ ಸಾಲುಗಳನ್ನು ಕರಿಹಲಗೆಯ ಮೇಲೆ ಬರೆದಷ್ಟೇ ದುಂಡಾದ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ತಂದಿದ್ದರು. ಊರು, ಬೆಟ್ಟಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇತ್ತು. "ಅದನ್ನು ನೀನೇ ಕನ್ನಡದಲ್ಲಿ ಹಾಕು ಮಗಳೇ, ನನಗೆ ಧೈರ್ಯವಿಲ್ಲ" ಎಂದರು. ನನಗೆ ಧೈರ್ಯ ಇತ್ತು. ಮುಖಪುಟಕ್ಕೇ ದೊಡ್ಡದಾಗಿ "ಜಂಗ್‌ಫ್ರಾ ಶಿಖರದ ಮೇಲೆ ನಾವು" ಎಂದು ಹಾಕಿ, ಕರಡನ್ನು ಬೆರ್ನ್‌ಗೆ ವಾಟ್ಸಾಪ್ ಮಾಡಿದೆ.

ಮಗಳು ವೀಡಿಯೋ ಕರೆಯಲ್ಲಿ ನಗುತ್ತಲೇ ಬಂದಳು. "ಅಕ್ಕಾ, ಆ ಸಾಲಿನಲ್ಲಿ 'ನಾವು' ಎಂಬುದೊಂದೇ ಸರಿ ಇದೆ."

ಅವಳು ಹೇಳಿದ್ದು ನಿಜ. ಉಚ್ಚಾರ ತಪ್ಪು, ಶಿಖರ ತಪ್ಪು, ಮೇಲೆ ಎಂಬುದೂ ತಪ್ಪು. ಆ ಮೂರು ತಪ್ಪುಗಳನ್ನು ತಿದ್ದುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರವಾಸಕಥನ ಬರೆಯುವವರು, ಅನುವಾದ ಮಾಡುವವರು, ಮಕ್ಕಳಿಗೆ ಭೂಗೋಳ ಕಲಿಸುವವರು ಈ ಹೆಸರಿಗೆ ಎಂದಾದರೊಮ್ಮೆ ಎದುರಾಗುತ್ತಾರೆ. ಒಂದು ಹೆಸರನ್ನು ಸರಿಯಾಗಿ ಹಿಡಿದರೆ ಆಲ್ಪ್ಸ್‌ನ ಅರ್ಧ ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ.

ಮೊದಲು ಜೆ ಅಕ್ಷರ. ಇಂಗ್ಲಿಷಿನಲ್ಲಿ ಈ ಬೆಟ್ಟದ ಹೆಸರನ್ನು ಜೆ, ಯು, ಎನ್, ಜಿ, ಎಫ್, ಆರ್, ಎ, ಯು ಎಂದು ಬರೆಯುತ್ತಾರೆ. ಜೆ ಕಂಡ ಕೂಡಲೇ ನಮ್ಮ ನಾಲಗೆ ಜಕಾರಕ್ಕೆ ಓಡುತ್ತದೆ. ಆದರೆ ಹೆಸರು ಜರ್ಮನ್ ಭಾಷೆಯದು, ಜರ್ಮನ್‌ನಲ್ಲಿ ಜೆ ಎಂದರೆ ಯಕಾರ. ಹಳೆಯ ಲ್ಯಾಟಿನ್‌ನಲ್ಲೂ ಅದು ಯಕಾರವೇ ಆಗಿತ್ತು. ಫ್ರೆಂಚರ ಬಾಯಲ್ಲಿ ಜಕಾರವಾಗಿ, ಅವರಿಂದ ಇಂಗ್ಲಿಷಿಗೆ ಬಂತು. ಯಕಾರ ಜಕಾರವಾಗುವುದು ನಮಗೇನು ವಿಚಿತ್ರವಲ್ಲ. ಯಾತ್ರೆಯನ್ನು ಜಾತ್ರೆ ಮಾಡಿದವರು, ಯೋಗಿಯನ್ನು ಜೋಗಿ ಮಾಡಿದವರು ನಾವೇ. ಇಲ್ಲಿ ಮಾತ್ರ ಹಿಂದಕ್ಕೆ ನಡೆಯಬೇಕು, ಜಾತ್ರೆಯಿಂದ ಯಾತ್ರೆಗೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ ಅವರ ಹೆಸರನ್ನು ಕನ್ನಡದಲ್ಲಿ ಬಲ್ಲವರು ಜಂಗ್ ಎಂದು ಬರೆಯುವುದಿಲ್ಲ. ಅವರೂ ಸ್ವಿಜರ್ಲೆಂಡಿನವರೇ, ಪದವೂ ಅದೇ. ಇಂಗ್ಲಿಷಿನವರು ಕೂಡ ಈ ಬೆಟ್ಟದ ಹೆಸರಿನಲ್ಲಿ ಯಕಾರವನ್ನೇ ಹೇಳುತ್ತಾರೆ. ಹಾಗಾಗಿ ಇಂಗ್ಲಿಷ್ ಮಾತಾಡುವಾಗ ಜಂಗ್ ಎಂದರೂ ತಪ್ಪಿಲ್ಲ ಎಂಬ ಸಮಾಧಾನಕ್ಕೆ ಜಾಗವಿಲ್ಲ.

ಯು ಹ್ರಸ್ವ. ಯೂ ಎಂದು ಎಳೆಯಬಾರದು. ಒತ್ತು ಈ ಮೊದಲ ಅಕ್ಷರದ ಮೇಲೆಯೇ ಬೀಳುತ್ತದೆ.

ಅದರ ನಂತರದ ಧ್ವನಿಯಲ್ಲಿ ನಮ್ಮ ಕಾಸರಗೋಡಿನವರಿಗೆ ಒಂದು ಅನುಕೂಲ ಇದೆ. ಕನ್ನಡದಲ್ಲಿ ಅಂಗಡಿ, ತೆಂಗು ಎನ್ನುವಾಗ ಮೂಗಿನ ಧ್ವನಿಯ ಹಿಂದೆಯೇ ಗಕಾರ ಸ್ಪಷ್ಟವಾಗಿ ಕೇಳುತ್ತದೆ. ಜರ್ಮನ್ ಯುಂಗ್‌ನಲ್ಲಿ ಆ ಗಕಾರ ಇಲ್ಲ. ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತದೆ. ಇದನ್ನು ಬೆಂಗಳೂರಿನವರಿಗೆ ವಿವರಿಸುವುದು ಕಷ್ಟ, ನಮ್ಮವರಿಗೆ ಒಂದು ಮಾವಿನಕಾಯಿ ಸಾಕು. ನನ್ನ ಅಂಗಡಿಯಲ್ಲಿ ಮಲಯಾಳ ಟೈಪ್ ಮಾಡುವ ಹುಡುಗ ಚೀಮೇನಿ ಕಡೆಯವನು. ಅವನು ಮಾವಿನಕಾಯಿಗೆ ಮಾಙ್ಙ ಎನ್ನುತ್ತಾನಲ್ಲ, ಅಲ್ಲಿ ಕೇಳುವ ಮೂಗಿನ ಧ್ವನಿಯೇ ಯುಂಗ್‌ಫ್ರೌವಿನದ್ದು. ಕಾಞಂಗಾಡ್ ಎಂಬ ಊರಿನ ಹೆಸರನ್ನು ಅವನು ಹೇಳುವಾಗ ಕಿವಿಗೊಡಿ, ಅಲ್ಲೂ ನಾವು ಬರೆಯುವ ಗಕಾರ ಇರುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತ ಙ ಎಂಬ ಅಕ್ಷರವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು, ಎಲ್ಲಿ ಬಳಸಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಅಚ್ಚಿನಲ್ಲಿ ಯುಙ್‌ಫ್ರೌ ಎಂದು ಹಾಕಬೇಡಿ. ಓದುವವರು ಅಕ್ಷರ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಯುಂಗ್‌ಫ್ರೌ ಎಂದು ಬರೆದು, ಹೇಳುವಾಗ ಗಕಾರವನ್ನು ನುಂಗಿದರೆ ಆಯಿತು.

ಕೊನೆಯ ಫ್ರೌ. ನಾನು ಮೊದಲು ಮಾಡಿದಂತೆ ಫ್ರಾ ಅಲ್ಲ. ಜರ್ಮನ್‌ನಲ್ಲಿ ಎ ಮತ್ತು ಯು ಒಟ್ಟಿಗೆ ಬಂದರೆ ನಮ್ಮ ಔಕಾರ, ಹೌದು ಎನ್ನುವಾಗಿನ ಹೌ. ಇದಕ್ಕೆ ಅಪವಾದ ತೀರಾ ಕಡಿಮೆ, ಆದ್ದರಿಂದ ಗಟ್ಟಿಯಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ. ಎಫ್‌ಗೆ ಫಕಾರ ಹಾಕುವುದು ಬಿಟ್ಟು ಬೇರೆ ದಾರಿ ಇಲ್ಲ. ಕೆಳಗೆ ಎರಡು ಚುಕ್ಕೆ ಇಡುವ ಪದ್ಧತಿ ಇದೆ, ಆದರೆ ಎಲ್ಲ ಅಕ್ಷರವಿನ್ಯಾಸಗಳಲ್ಲೂ ಅದು ನೆಟ್ಟಗೆ ಕೂರುವುದಿಲ್ಲ.

ಬೆರಳಚ್ಚಿಸುವವರಿಗೆ ಒಂದು ಮಾತು. ಯುಂಗ್ ಮತ್ತು ಫ್ರೌ ನಡುವೆ, ಒತ್ತಕ್ಷರ ಬೀಳದಂತೆ ತಡೆಯುವ ಕಾಣದ ಚಿಹ್ನೆಯನ್ನು ಹಾಕಲೇಬೇಕು. ಹಾಕದಿದ್ದರೆ ಗಕಾರದ ಕೆಳಗೆ ಫಕಾರ, ಅದರ ಕೆಳಗೆ ರಕಾರ ಗಂಟು ಬಿದ್ದು ಯುಂಗ್ಫ್ರೌ ಎಂದಾಗುತ್ತದೆ. ಅದನ್ನು ಬಿಡಿಸಿ ಓದುವಷ್ಟರಲ್ಲಿ ನೆಂಟರು ಪುಟ ತಿರುಗಿಸಿರುತ್ತಾರೆ. ಆಲ್ಪ್ಸ್‌ನ ಹೆಸರುಗಳಲ್ಲಿ ಬಹಳಷ್ಟು ಎರಡು ಪದಗಳ ಜೋಡಿ. ಜೋಡಿಯ ಬೆಸುಗೆ ಎಲ್ಲಿದೆ ಎಂದು ನೋಡಿ ಅಲ್ಲೇ ಬಿಡಿಸಿದರೆ ಓದುವವರಿಗೂ ಸುಖ, ಅರ್ಥವೂ ಕಾಣುತ್ತದೆ.

ಅರ್ಥಕ್ಕೆ ಬರೋಣ. ಯುಂಗ್ ಎಂದರೆ ಎಳೆಯ. ಸಂಸ್ಕೃತದ ಯುವ, ಇಂಗ್ಲಿಷಿನ ಯಂಗ್, ಜರ್ಮನ್ನಿನ ಯುಂಗ್, ಮೂರೂ ದೂರದ ದಾಯಾದಿಗಳು. ಫ್ರೌ ಎಂದರೆ ಹೆಂಗಸು, ಶ್ರೀಮತಿ ಎಂಬುದಕ್ಕೂ ಅದೇ ಪದ. ಹಾಗೆಂದು ಎರಡನ್ನೂ ಕೂಡಿಸಿ ಎಳೆಯ ಶ್ರೀಮತಿ ಎಂದು ಮಾಡಬೇಡಿ. ಎಳನೀರು ಎಂದರೆ ಎಳೆಯ ನೀರು ಎಂದು ನಾವು ಹೇಳುತ್ತೇವೆಯೇ? ಕೂಡಿದ ಮೇಲೆ ಪದಕ್ಕೆ ಬೇರೆಯೇ ಅರ್ಥ ಬಂದಿದೆ. ಯುಂಗ್‌ಫ್ರೌ ಎಂದರೆ ಕನ್ಯೆ, ಕುಮಾರಿ. ಜರ್ಮನ್ ಪತ್ರಿಕೆಗಳ ರಾಶಿಭವಿಷ್ಯದಲ್ಲಿ ಕನ್ಯಾರಾಶಿಗೆ ಇರುವ ಹೆಸರೂ ಇದೇ. ನಮ್ಮ ದೇಶದ ತುದಿಯಲ್ಲೊಬ್ಬಳು ಕನ್ಯಾಕುಮಾರಿ ಸಮುದ್ರದ ಮಟ್ಟದಲ್ಲಿ ನಿಂತಿದ್ದರೆ, ಅವಳ ಹೆಸರಿನವಳು ಅಲ್ಲಿ 4158 ಮೀಟರ್ ಎತ್ತರದಲ್ಲಿ ಹಿಮ ಹೊದ್ದು ನಿಂತಿದ್ದಾಳೆ.

ಕನ್ಯೆ ಎಂಬ ಹೆಸರು ಯಾಕೆ ಬಂತು ಎಂಬುದಕ್ಕೆ ಒಂದು ಹಳೆಯ ವಿವರಣೆ ಇದೆ. ಕೆಳಗಿನ ಇಂಟರ್‌ಲಾಕೆನ್ ಊರಿನ ಅಗಸ್ಟೀನಿಯನ್ ಕ್ರೈಸ್ತ ಮಠದಲ್ಲಿ ಸನ್ಯಾಸಿನಿಯರೂ ಇದ್ದರು, ಬೆಟ್ಟದ ಎದುರಿನ ಹುಲ್ಲುಗಾವಲು ಅವರದಾಗಿತ್ತು, ಆ ಕನ್ಯೆಯರ ಹೆಸರು ಹುಲ್ಲುಗಾವಲಿಗೆ ಅಂಟಿ ಅಲ್ಲಿಂದ ಬೆಟ್ಟಕ್ಕೆ ಏರಿತು ಎಂದು. ಇದು ನನಗೆ ಒಪ್ಪುತ್ತದೆ, ಯಾಕೆಂದರೆ ನಮ್ಮಲ್ಲೂ ಗುಡ್ಡಗಳಿಗೆ ಹೆಸರು ಬರುವುದು ಸಾಮಾನ್ಯವಾಗಿ ಅದರ ಬುಡದಲ್ಲಿ ಜಾಗ ಇದ್ದವರಿಂದ. ಪ್ರವಾಸಿಗರಿಗೆ ಹೇಳುವ ಕಥೆ ಬೇರೆ. ಸಾಲಾಗಿ ಮೂರು ಶಿಖರಗಳು ನಿಂತಿವೆ: ಐಗರ್, ಮೊಂಖ್, ಯುಂಗ್‌ಫ್ರೌ. ಐಗರ್ ರಾಕ್ಷಸ, ಯುಂಗ್‌ಫ್ರೌ ಕನ್ಯೆ, ನಡುವೆ ನಿಂತ ಮೊಂಖ್ ಎಂಬ ಸನ್ಯಾಸಿ ಅವಳನ್ನು ಕಾಯುತ್ತಾನೆ. ಕೇಳಲು ಚಂದ. ಮೊಂಖ್ ಎಂದರೆ ಸನ್ಯಾಸಿ ಎಂಬುದು ನಿಜ, ಇಂಗ್ಲಿಷಿನ ಮಂಕ್ ಪದದ ಒಡಹುಟ್ಟು. ಐಗರ್‌ಗೆ ರಾಕ್ಷಸನ ಪಟ್ಟ ಕಟ್ಟಿದ್ದು ಮಾತ್ರ ಆಮೇಲಿನವರು. ಆ ಹೆಸರು 1252ರ ದಾಖಲೆಯಲ್ಲೇ ಸಿಗುತ್ತದೆ, ಅಲ್ಲಿ ರಾಕ್ಷಸನೂ ಇಲ್ಲ, ಕನ್ಯೆಯೂ ಇಲ್ಲ. ಸ್ಥಳಪುರಾಣ ಹೇಳಬೇಡಿ ಎಂದು ನಾನು ಹೇಳುವುದಿಲ್ಲ, ಪುರಾಣ ಎಂದು ಹೇಳಿ ಹೇಳಿದರೆ ಸಾಕು. ಐಗರ್‌ನ ವಿಷಯ ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಅದರ ಉತ್ತರದ ಗೋಡೆಯನ್ನು ಜರ್ಮನ್‌ನಲ್ಲಿ ನೋರ್ಡ್‌ವಾಂಡ್ ಎನ್ನುತ್ತಾರೆ. 1938ರಲ್ಲಿ ಮೊದಲ ತಂಡ ಅದನ್ನು ಹತ್ತುವ ಮುಂಚೆ ಹಲವರು ಅಲ್ಲಿ ಸತ್ತರು. ಆಗ ಪತ್ರಿಕೆಗಳು ಒಂದೇ ಅಕ್ಷರ ಬದಲಿಸಿ ಮೋರ್ಡ್‌ವಾಂಡ್, ಅಂದರೆ ಕೊಲೆಯ ಗೋಡೆ, ಎಂದು ಬರೆದವು. ಅಕ್ಷರ ಜೋಡಿಸುವವಳಾಗಿ ನನಗೆ ಇದು ಮೆಚ್ಚುಗೆಯಾಯಿತು.

ಮೊಂಖ್‌ನ ಉಚ್ಚಾರದ ಬಗ್ಗೆ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ಕನ್ನಡದಲ್ಲಿ ಅದನ್ನು ಪೂರ್ತಿ ಬರೆಯಲು ಆಗುವುದಿಲ್ಲ. ಅಲ್ಲಿರುವ ಓ ಅಕ್ಷರದ ನೆತ್ತಿಯಲ್ಲಿ ಎರಡು ಚುಕ್ಕೆ ಇದೆ. ತುಟಿಯನ್ನು ಒ ಎನ್ನಲು ದುಂಡಗೆ ಮಾಡಿ, ಒಳಗೆ ನಾಲಗೆಯಲ್ಲಿ ಎ ಎಂದರೆ ಆ ಸ್ವರ ಬರುತ್ತದೆ. ಟೀಚರಕ್ಕ ಅಂಗಡಿಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು, ಎರಡನೇ ಸಲಕ್ಕೇ ಬಂತು. ಬರವಣಿಗೆಯಲ್ಲಿ ಇಲ್ಲದ ಸ್ವರವನ್ನು ಓದುವುದು ನಮಗೆ ಹೊಸತಲ್ಲ. ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆದು ಉಂಡು ಎಂದು ಹಾಕಿದರೆ, ಕೊನೆಯಲ್ಲಿರುವುದು ಕನ್ನಡದ ಉಕಾರ ಅಲ್ಲ, ಬೇರೊಂದು ಸ್ವರ ಎಂದು ತುಳು ಬಲ್ಲವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಷರ ಗುರುತಿಗೆ, ಧ್ವನಿ ಬಾಯಿಗೆ. ಮೊಂಖ್ ಎಂದು ಬರೆದು ಮುಂದೆ ಹೋಗಿ.

ಈಗ ನನ್ನ ಎರಡನೇ ತಪ್ಪು, ಮೂರನೆಯದೂ ಇದರೊಳಗೇ ಸೇರಿದೆ. ಅದು ಉಚ್ಚಾರಕ್ಕಿಂತ ದೊಡ್ಡದು, ಪ್ರವಾಸ ಹೋಗಿ ಬಂದ ಹೆಚ್ಚಿನವರು ಮಾಡುವುದೂ ಇದನ್ನೇ. ಮಾಷ್ಟ್ರು ಯುಂಗ್‌ಫ್ರೌ ಶಿಖರಕ್ಕೆ ಹೋಗಿರಲಿಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲಿ, ಮಂಡಿನೋವಿನ ಟೀಚರಕ್ಕನ ಜೊತೆ, ಹಗ್ಗ ಕಟ್ಟಿಕೊಂಡು ಹಿಮದ ಗೋಡೆ ಹತ್ತುವವರೂ ಅಲ್ಲ. ಅವರು ಹೋದದ್ದು ಯುಂಗ್‌ಫ್ರೌಯೊಖ್ ಎಂಬಲ್ಲಿಗೆ. ಟಿಕೆಟ್‌ನಲ್ಲೂ ಹಾಗೆಯೇ ಅಚ್ಚಾಗಿತ್ತು, ನಾನು ಬಾಲವನ್ನು ಕತ್ತರಿಸಿದ್ದೆ.

ಯೊಖ್ ಎಂದರೆ ಏನು? ಮಗಳು ಫೋನಿನಲ್ಲಿ ಇಂಗ್ಲಿಷಿನ ಯೋಕ್ ಎಂಬ ಪದವೇ ಇದು ಎಂದಾಗ ನನಗೆ ಥಟ್ಟನೆ ಹೊಳೆಯಲಿಲ್ಲ. ಮಾಷ್ಟ್ರಿಗೆ ಹೊಳೆಯಿತು. "ನೊಗ!" ಎಂದು ಮೇಜು ತಟ್ಟಿದರು. ಹಾಳಾದ ಒಂದು ಕರಡಿನ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಕಂಬಳದ ಕೋಣಗಳ ನೊಗವನ್ನು ಬಿಡಿಸಿದರು. ಕೋಣದ ಹೆಗಲಿನ ಮೇಲೆ ಕೂರುವಲ್ಲಿ ಮರದಲ್ಲಿ ಒಂದು ತಗ್ಗು, ಅದರ ಎರಡೂ ಪಕ್ಕದಲ್ಲಿ ಉಬ್ಬು. ಒಂದು ಉಬ್ಬಿನ ಮೇಲೆ ಮೊಂಖ್ ಎಂದೂ ಇನ್ನೊಂದರ ಮೇಲೆ ಯುಂಗ್‌ಫ್ರೌ ಎಂದೂ ಬರೆದು, ತಗ್ಗಿನಲ್ಲಿ ಚುಕ್ಕೆ ಇಟ್ಟು, "ನಾವು ಇಲ್ಲಿ ಚಹಾ ಕುಡಿದೆವು" ಎಂದರು. ಎರಡು ಶಿಖರಗಳ ನಡುವಿನ ತಗ್ಗಿಗೆ ಆ ಕಡೆಯವರು ಇಟ್ಟಿರುವ ಹೆಸರೇ ನೊಗ. ಆ ಕಾಗದ ಈಗಲೂ ನನ್ನ ಕಂಪ್ಯೂಟರಿನ ಪಕ್ಕದ ಗೋಡೆಯಲ್ಲಿದೆ.

ಹಾಗಾದರೆ ಲೆಕ್ಕ ಇಷ್ಟು. ಯುಂಗ್‌ಫ್ರೌ ಶಿಖರ, 4158 ಮೀಟರ್. ಯುಂಗ್‌ಫ್ರೌಯೊಖ್ ಅದರ ಪಕ್ಕದ ತಗ್ಗು, ಅಲ್ಲಿನ ರೈಲು ನಿಲ್ದಾಣ 3454 ಮೀಟರ್‌ನಲ್ಲಿದೆ, ಯುರೋಪಿನ ಅತಿ ಎತ್ತರದ ನಿಲ್ದಾಣ. ನಿಲ್ದಾಣದಿಂದ ಶಿಖರದ ನೆತ್ತಿಗೆ ಇನ್ನೂ 700 ಮೀಟರ್ ಏರುವುದಿದೆ. ಶಿಖರವನ್ನು ಮೊದಲು ಹತ್ತಿದ್ದು 1811ರಲ್ಲಿ. ರೈಲು ಬಂದದ್ದು 1912ರ ಆಗಸ್ಟ್ 1ರಂದು, ಕೆಲಸ ಶುರುವಾಗಿ ಹದಿನಾರು ವರ್ಷದ ಮೇಲೆ. ಕ್ಲೈನೆ ಶೈಡೆಗ್ ಎಂಬಲ್ಲಿಂದ ಹೊರಡುವ ಹಳಿಯ ಬಹುಪಾಲು ಐಗರ್ ಮತ್ತು ಮೊಂಖ್‌ಗಳ ಹೊಟ್ಟೆಯೊಳಗಿನ ಸುರಂಗ. ಕಿಟಕಿಯಲ್ಲಿ ಏನೂ ಕಾಣುವುದಿಲ್ಲ ಎಂದು ಟೀಚರಕ್ಕ ದೂರಿದರು, ಕಣ್ಣೂರಿಗೆ ಹೋಗುವ ರೈಲಿನಲ್ಲಿ ಇದಕ್ಕಿಂತ ಹೆಚ್ಚು ಕಾಣುತ್ತದಂತೆ.

ಆದ್ದರಿಂದ ಯುಂಗ್‌ಫ್ರೌ ಹತ್ತಿದೆವು ಎಂದು ಬರೆಯುವ ಮೊದಲು, ರೈಲಿನಲ್ಲಿ ಹೋಗಿದ್ದರೆ, ಯುಂಗ್‌ಫ್ರೌಯೊಖ್‌ಗೆ ಹೋದೆವು ಎಂದು ತಿದ್ದಿಕೊಳ್ಳಿ. ಇನ್ನೂ ಒಂದು ತೊಡಕು ಇದೆ. ರೈಲಿಗೂ ಯುಂಗ್‌ಫ್ರೌ ರೈಲು ಎನ್ನುತ್ತಾರೆ, ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ಯುಂಗ್‌ಫ್ರೌ ಪ್ರದೇಶ ಎನ್ನುತ್ತಾರೆ. ನಮ್ಮ ಚಂದ್ರಗಿರಿಯ ಹಾಗೆಯೇ ಇದು. ಪದದಲ್ಲಿ ಗಿರಿ ಇದೆ, ಹರಿಯುವುದು ಹೊಳೆ, ದಡದಲ್ಲಿ ಅದೇ ಹೆಸರಿನ ಕೋಟೆ. ಚಂದ್ರಗಿರಿಗೆ ಬಿದ್ದ ಎಂದು ಯಾರಾದರೂ ಹೇಳಿದರೆ ಕೋಟೆಯ ಮೇಲೋ ಹೊಳೆಗೋ ಎಂದು ಕೇಳಲೇಬೇಕಾಗುತ್ತದೆ. ಹೆಸರಿನ ಜೊತೆ ಶಿಖರ, ನಿಲ್ದಾಣ, ರೈಲು, ಪ್ರದೇಶ ಎಂದು ಒಂದು ಕನ್ನಡ ಪದ ಸೇರಿಸುವುದು ಕ್ಷೇಮ.

ಯೊಖ್‌ನ ಕೊನೆಯ ಧ್ವನಿ ಗಂಟಲು ಕೆರೆಯುವಂಥದ್ದು. ಖಬರ್, ಖುದಾ ಎನ್ನುವಾಗ ಉರ್ದು ಮನೆಮಾತಿನವರು ಹೇಳುವ ಖ ಇದು. ಉಪ್ಪಳದಿಂದ ಬಂದು ನನ್ನ ಪಕ್ಕದ ಕೋಣೆಯಲ್ಲಿ ಟೈಲರಿಂಗ್ ಮಾಡುವ ಉರ್ದು ಮಾತಿನ ಹಿರಿಯರನ್ನು ಕರೆದು ಹೇಳಿಸಿದೆವು. ಬೆರ್ನ್‌ನ ಮಗಳು ಫೋನಿನಲ್ಲೇ ಚಪ್ಪಾಳೆ ತಟ್ಟಿದಳು. ಇಂಗ್ಲಿಷಿನವರಲ್ಲಿ ಅನೇಕರು ಸುಮ್ಮನೆ ಯಾಕ್ ಎಂದು ಮುಗಿಸುತ್ತಾರೆ, ನಾವು ಅಷ್ಟು ಬಡವರಾಗಬೇಕಾಗಿಲ್ಲ. ಒಕಾರ ಹ್ರಸ್ವ ಎಂಬುದನ್ನೂ ಮರೆಯಬೇಡಿ. ಒ, ಓ ಎಂಬ ಎರಡು ಅಕ್ಷರ ನಮಗಿದೆ, ಹಿಂದಿಯವರಿಗೆ ಇಲ್ಲ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಂದು ಸೂಕ್ಷ್ಮ. ಈ ಬೆಟ್ಟದ ಹೆಸರಿಗಿಂತ ಮೊದಲು ದಿ ಎಂಬ ಉಪಪದ ಹಾಕಬೇಕು. ದಿ ಯುಂಗ್‌ಫ್ರೌ, ದಿ ಐಗರ್, ದಿ ಮ್ಯಾಟರ್‌ಹಾರ್ನ್. ಸಾಮಾನ್ಯವಾಗಿ ಒಂಟಿ ಬೆಟ್ಟದ ಹೆಸರಿಗೆ ಇಂಗ್ಲಿಷ್ ದಿ ಹಚ್ಚುವುದಿಲ್ಲ. ಜರ್ಮನ್‌ನಿಂದ ಬಂದ ಈ ಹೆಸರುಗಳು ಮಾತ್ರ ತಮ್ಮ ಉಪಪದದ ನೆನಪನ್ನು ಹೊತ್ತುಕೊಂಡೇ ಬಂದಿವೆ. ಫ್ರೆಂಚ್ ಕಡೆಯ ಮೊಂ ಬ್ಲಾಂಗೆ ದಿ ಬೇಡ. ಕನ್ನಡದಲ್ಲಿ ಈ ರಗಳೆಯೇ ಇಲ್ಲ. ನಮ್ಮ ರಗಳೆ ವಿಭಕ್ತಿ. ಯುಂಗ್‌ಫ್ರೌಗೆ ಎಂದರೆ ತಪ್ಪಲ್ಲ, ಆದರೆ ಗುರುವಿಗೆ, ಗುರುವಿನ ಎಂಬ ದಾರಿಯಲ್ಲಿ ಯುಂಗ್‌ಫ್ರೌವಿಗೆ, ಯುಂಗ್‌ಫ್ರೌವಿನ ಎಂದರೆ ಕಿವಿಗೆ ಹಿತ. ನಾನು ಪುಸ್ತಿಕೆಯುದ್ದಕ್ಕೂ ಹಾಗೆಯೇ ಹಾಕಿದೆ.

ಅರ್ಥ ಗೊತ್ತಾಯಿತು ಎಂದು ಹೆಸರನ್ನೇ ಅನುವಾದಿಸಿಬಿಡುವ ಉತ್ಸಾಹ ಬೇಡ. ಮಾಷ್ಟ್ರು ನನ್ನ ಬಳಿಗೆ ಬರುವ ಮೊದಲು, ಅಳಿಯ ಬರೆದ ಜರ್ಮನ್ ಟಿಪ್ಪಣಿಗಳನ್ನು ಮೊಬೈಲಿನ ಅನುವಾದ ಯಂತ್ರಕ್ಕೆ ಕೊಟ್ಟು ನೋಡಿದ್ದರಂತೆ. ಒಂದು ಫೋಟೋದ ಕೆಳಗೆ ಅದು ಕೊಟ್ಟ ಕನ್ನಡ "ಕನ್ಯೆಯ ಮೇಲೆ ಅಪ್ಪ". ಟೀಚರಕ್ಕ ಅದನ್ನು ಹಾಗೆಯೇ ಅಚ್ಚು ಹಾಕಿಸಬೇಕೆಂದು ಕೊನೆಯವರೆಗೂ ಹಟ ಹಿಡಿದಿದ್ದರು.

ಒಂದು ಹೆಸರು ಕೈವಶವಾದ ಮೇಲೆ ಉಳಿದವನ್ನು ನೋಡುವಾಗ ನಾನು ಮಾಡುವುದು ಇಷ್ಟೇ: ಬಾಲ ಹಿಡಿಯುತ್ತೇನೆ. ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ. ಬದಿಯಡ್ಕ, ಕಾರಡ್ಕ, ಬೇಡಡ್ಕ, ಎಲ್ಲದರ ಬಾಲದಲ್ಲಿ ಅಡ್ಕ. ಅಡ್ಕ ಎಂದರೆ ಬೇಸಾಯವಿಲ್ಲದ, ಹುಲ್ಲು ಬೆಳೆಯುವ ವಿಶಾಲವಾದ ಬಯಲು ಎಂದು ಗೊತ್ತಿದ್ದವನಿಗೆ ಊರನ್ನು ನೋಡದೆಯೂ ನೆಲದ ಅಂದಾಜು ಸಿಗುತ್ತದೆ. ಆಲ್ಪ್ಸ್‌ನಲ್ಲಿ ಮಾಟ್ ಅಥವಾ ಮಾಟ್ಟೆ ಎಂದರೆ ಹುಲ್ಲುಗಾವಲು. ತ್ಸೆರ್ಮಾಟ್ ಎಂಬ ಊರಿನ ಹೆಸರಿನ ಅರ್ಥ ಹುಲ್ಲುಗಾವಲಿನ ಬಳಿ, ಅಂದರೆ ಅಡ್ಕದ ಬದಿ. ಹಾಗೆ ನೋಡಿದರೆ ಅದು ಬದಿಯಡ್ಕವೇ! ಅಂಗಡಿಯಲ್ಲಿದ್ದವರೆಲ್ಲ ಇದನ್ನು ಕೇಳಿ ಎದೆ ಉಬ್ಬಿಸಿದರು. ಜರ್ಮನ್‌ನಲ್ಲಿ ಜಡ್ ಅಕ್ಷರ ತ್ಸ ಆಗುವುದರಿಂದ ಅಲ್ಲಿಯವರು ತ್ಸೆರ್ಮಾಟ್ ಎನ್ನುತ್ತಾರೆ, ಇಂಗ್ಲಿಷ್ ದಾರಿಯಲ್ಲಿ ಬಂದವರು ಜರ್ಮ್ಯಾಟ್ ಎನ್ನುತ್ತಾರೆ. ಪತ್ರಿಕೆಯಲ್ಲಿ ಎರಡನೆಯದನ್ನು ಹಾಕಿದರೂ ನಾನು ಜಗಳಕ್ಕೆ ಬರುವುದಿಲ್ಲ. ಅದರ ನೆತ್ತಿಯ ಮೇಲೆ ನಿಂತ 4478 ಮೀಟರ್‌ನ ಮ್ಯಾಟರ್‌ಹಾರ್ನ್, ಹುಲ್ಲುಗಾವಲಿನ ಕೊಂಬು. ಹಾರ್ನ್ ಎಂಬ ಬಾಲವೇ ಕೊಂಬಿನಂಥ ಶಿಖರ ಎಂದು ಹೇಳುತ್ತದೆ, ಆದರೂ ಮ್ಯಾಟರ್‌ಹಾರ್ನ್ ಶಿಖರ ಎಂದು ನಾವು ಬರೆಯುತ್ತೇವೆ, ಗೇಟು ಬಾಗಿಲು ಎಂದ ಹಾಗೆ. ಓದುವವರಿಗಾಗಿ ಇಷ್ಟನ್ನು ಸಹಿಸಿಕೊಳ್ಳಬಹುದು. ಗಡಿಯ ಆ ಕಡೆ ಇಟಲಿಯವರಿಗೆ ಅದೇ ಬೆಟ್ಟ ಚೆರ್ವಿನೊ, ಫ್ರೆಂಚರಿಗೆ ಸೆರ್ವಾಂ. ಮೂರೂ ಸರಿ. ಯಾರ ಪುಟದಲ್ಲಿ ಅಚ್ಚಾಗುತ್ತದೆ ಎಂದು ನೋಡಿ ಹೆಸರು ಆರಿಸಬೇಕು, ಮದುವೆಯ ಕಾಗದದಲ್ಲಿ ನಾನು ಮಾಡುವ ಹಾಗೆ.

ಆಲ್ಪ್ ಎಂಬ ಪದವೂ ಬಾಲವಾಗಿ ಬರುತ್ತದೆ, ಉದಾಹರಣೆಗೆ ವೆಂಗರ್ನಾಲ್ಪ್. ಇಡೀ ಪರ್ವತಸಾಲಿಗೆ ಆಲ್ಪ್ಸ್ ಎಂಬ ಹೆಸರಿದ್ದರೂ, ಸ್ಥಳೀಯರ ಬಾಯಲ್ಲಿ ಆಲ್ಪ್ ಎಂದರೆ ಬೇಸಿಗೆಯಲ್ಲಿ ದನ ಮೇಯಿಸಲು ಹತ್ತಿಸುವ ಎತ್ತರದ ಗೋಮಾಳ. ವೆಂಗರ್ನಾಲ್ಪ್ ಎಂಬುದನ್ನು ಶಿಖರ ಎಂದು ಬರೆದರೆ ಅಲ್ಲಿಯ ಹಸುಗಳು ನಕ್ಕಾವು. ಇಂಟರ್‌ಲಾಕೆನ್ ಲ್ಯಾಟಿನ್ ಮೂಲದ್ದು, ಕೆರೆಗಳ ನಡುವೆ ಎಂದರ್ಥ. ಥೂನ್ ಮತ್ತು ಬ್ರಿಯೆಂತ್ಸ್ ಎಂಬ ಎರಡು ಸರೋವರಗಳ ನಡುವೆ ಊರು ಕುಳಿತಿದೆ. ಥೂನ್‌ನಲ್ಲಿ ಎಚ್ ಕಂಡರೂ ಹೇಳುವುದು ತೂನ್ ಎಂದು, ಬರೆಯುವುದನ್ನು ನಿಮಗೆ ಬಿಟ್ಟಿದ್ದೇನೆ. 1891ರವರೆಗೆ ಇಂಟರ್‌ಲಾಕೆನ್ ಊರಿನ ಹೆಸರು ಆರ್‌ಮ್ಯೂಲೆ, ಆರೆ ನದಿಯ ಗಿರಣಿ ಎಂದು. ಪ್ರವಾಸಿಗರಿಗೆ ಮಠದ ಹೆಸರೇ ಪರಿಚಿತವಾಗಿದ್ದರಿಂದ ಗಿರಣಿ ಹಿಂದೆ ಸರಿಯಿತು. ಊರಿನ ಹೆಸರು ಬದಲಾಗುತ್ತದೆ ಎಂದು 2021ರಲ್ಲಿ ನಮ್ಮ ಜಿಲ್ಲೆಯಲ್ಲಿ ಸುದ್ದಿ ಹಬ್ಬಿ, ಸರಕಾರ ಅದನ್ನು ಅಲ್ಲಗಳೆಯುವವರೆಗೆ ನನ್ನ ಅಂಗಡಿಯಲ್ಲಿ ನಡೆದ ಚರ್ಚೆಗಳು ನೆನಪಾದವು. ಅದು ಬೇರೆಯೇ ಕಥೆ.

ಫ್ರೆಂಚ್ ಕಡೆಗೆ ಹೋದರೆ ನಿಯಮ ತಲೆಕೆಳಗು. ಅಲ್ಲಿ ಬಾಲ ಹಿಡಿಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ, ಯಾಕೆಂದರೆ ಕೊನೆಯ ಅಕ್ಷರಗಳನ್ನು ಬರೆಯುತ್ತಾರೆ, ಹೇಳುವುದಿಲ್ಲ. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ ಊರಿನ ಹೆಸರಿನ ಕೊನೆಗೆ ಎಕ್ಸ್ ಇದೆ, ಹೇಳುವುದು ಶಾಮೊನಿ. ಚಾಮೊನಿಕ್ಸ್ ಎಂದು ಕನ್ನಡದಲ್ಲಿ ಅಚ್ಚಾದದ್ದನ್ನು ನೋಡಿದ್ದೇನೆ. ಅದರ ಮೇಲಿನ ಬೆಟ್ಟ ಮೊಂ ಬ್ಲಾಂ, ಅಲ್ಲಿ ಟಿ ಮತ್ತು ಸಿ ಎರಡೂ ಮೌನ. ಬಿಳಿಯ ಬೆಟ್ಟ ಎಂದರ್ಥ. ನೇಪಾಳದ ಧೌಲಾಗಿರಿಯ ಅರ್ಥವೂ ಅದೇ, ರಂಗನಾಥನಿರುವ ನಮ್ಮ ಬಿಳಿಗಿರಿಯದ್ದೂ ಅದೇ.

ಪುಸ್ತಿಕೆ ಅಚ್ಚಾಯಿತು. ಮುಖಪುಟದಲ್ಲಿ "ಯುಂಗ್‌ಫ್ರೌಯೊಖ್‌ನಲ್ಲಿ ನಾವು" ಎಂದು ಬಂತು. ಮೂವತ್ತು ಪ್ರತಿ ಕಟ್ಟಿ ಕೊಟ್ಟ ಮರುದಿನ ಬೆಳಗ್ಗೆ ಮಾಷ್ಟ್ರು ಕಟ್ಟನ್ನು ಹಿಡಿದುಕೊಂಡೇ ಮತ್ತೆ ಬಂದರು. ಹದಿನಾಲ್ಕನೇ ಪುಟದಲ್ಲಿ, ಜಲಪಾತದ ಫೋಟೋದ ಕೆಳಗೆ, ಲಾಟರ್‌ಬ್ರುನ್ನೆನ್ ಎಂದು ಉಳಿದುಹೋಗಿತ್ತು. ಎ ಮತ್ತು ಯು ಒಟ್ಟಿಗೆ ಬಂದರೆ ಏನು ಎಂದು ಎಲ್ಲರಿಗೂ ಪಾಠ ಮಾಡಿದವಳು ನಾನೇ. ಮತ್ತೆ ಅಚ್ಚು ಹಾಕಿಸುತ್ತೇನೆ ಎಂದೆ. ಬೇಡ ಎಂದು ತಲೆಯಾಡಿಸಿ, ಜೇಬಿನಿಂದ ಕಪ್ಪು ಪೆನ್ನು ತೆಗೆದು, ನನ್ನ ಮೇಜಿನ ತುದಿಯಲ್ಲಿ ಕುಳಿತು ಮೂವತ್ತು ಪ್ರತಿಗಳಲ್ಲೂ ಆಕಾರದ ದೀರ್ಘವನ್ನು ಔತ್ವಕ್ಕೆ ತಿರುಗಿಸಿದರು. ಹತ್ತಿರ ಹಿಡಿದು ನೋಡಿದರೂ ಅಚ್ಚು ಯಾವುದು, ಕೈಬರಹ ಯಾವುದು ಎಂದು ತಿಳಿಯುವುದಿಲ್ಲ.